ಹುಸೇನಮ್ಮನ ನಾಲ್ಕು ದಿನ

ನಮ್ಮ ಅತ್ತೆಗೆ ತಿಂಗಳಿಗೊಮ್ಮೆ ಹುಷಾರು ತಪ್ಪುತ್ತಿತ್ತು. ನಾಲ್ಕು ದಿನಕ್ಕೆ ತಾನಾಗಿ ಸರಿಹೋಗುತ್ತಿತ್ತು. ದೊಡ್ಡನೆಕ್ಕುಂದಿಯಲ್ಲಿ ಆಗ ಏಳುತ್ತಿದ್ದ ಕಟ್ಟಡದ ಮೇಸ್ತ್ರಿ ಮುನಿಶಾಮಿಗೆ ಈ ಕಾಯಿಲೆ ಬಾಯಿಪಾಠವಾಗಿತ್ತು. ನಾನು ಕೃಷ್ಣರಾಜಪುರದ ರೈಲ್ವೆ ಸ್ಟೇಷನ್ ಹತ್ತಿರದ ಬೂತಿನಿಂದ ಫೋನು ಮಾಡಿ, ಊರಲ್ಲಿ ಅತ್ತೆಗೆ ಹುಷಾರಿಲ್ಲವಂತೆ, ನಮ್ಮವರಿಗೆ ಹೇಳಿ ಎಂದರೆ ಸಾಕು, "ಏನಮ್ಮಾ, ಈ ಸಲ ಸ್ವಲ್ಪ ಲೇಟಾಯ್ತಲ್ಲ!" ಎನ್ನುತ್ತಿದ್ದ. ಹಿಂದೆ ನಿಂತ ಆಳುಗಳು ನಗುವುದು ನನಗೆ ಕೇಳಿಸುತ್ತಿತ್ತು. ಅವರ ನಗುವಿಗೆ ಬೆಂಕಿ ಬೀಳಲಿ ಎಂದು ಬೈದುಕೊಂಡು ಫೋನು ಇಡುತ್ತಿದ್ದೆ.

ಅತ್ತೆ ಹುಸೇನಮ್ಮ ಕೊಪ್ಪಳದ ಕಡೆಯ ನಮ್ಮ ಹಳ್ಳಿಯಲ್ಲಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು. ಅವಳಿಗೆ ಹುಷಾರಿಲ್ಲ ಎಂದರೆ, ನಾನು ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಂಡಿದ್ದೇನೆ, ಗಂಡ ಮನೆಗೆ ಬರಲಿ ಎಂದು ಅರ್ಥ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುತ್ತಾರೆ, ಬರೆದರೆ ದೋಷವಿರಲಾರದು: ಹುಲಿಗೆಪ್ಪ. ಅವರದು ಸ್ಲಾಬಿಗೆ ಹಲಗೆ ಬಡಿಯುವ ಸೆಂಟ್ರಿಂಗ್ ಕೆಲಸ. ಸೈಟು ನಮ್ಮ ವಠಾರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಆದರೂ ಗ್ಯಾಂಗಿನವರೆಲ್ಲ ಅಲ್ಲಿನ ತಗಡಿನ ಶೆಡ್ಡಿನಲ್ಲೇ ಇರಬೇಕೆಂದು ಮೇಸ್ತ್ರಿಯ ಕಟ್ಟಳೆ. ತಿಂಗಳಿಗೆ ನಾಲ್ಕು ದಿನ ರಜೆ. ಯಾವ ನಾಲ್ಕು ದಿನ ಎನ್ನುವುದು ಆಳಿನ ಇಷ್ಟ.

ಆ ನಾಲ್ಕು ದಿನ ಯಾವುದೆಂದು ನಮಗೆ ಗೊತ್ತುಮಾಡಿಕೊಟ್ಟವಳು ಅತ್ತೆ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದ ವರ್ಷ ಅವಳು ನಮ್ಮ ಬಾಡಿಗೆ ಕೋಣೆಗೆ ಬಂದಿದ್ದಳು. ನಾನೂ ಪಕ್ಕದ ಕೋಣೆಯ ಶಕೀಲಕ್ಕನೂ ಹೊಸ್ತಿಲಲ್ಲಿ ಕೂತು ಸೀರೆಗೆ ಕುಚ್ಚು ಕಟ್ಟುತ್ತಿದ್ದೆವು. ಶಕೀಲಕ್ಕನ ಗಂಡ ಶೌಕತ್‌ಗೆ ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ, ಕೆಲಸ ಅಲ್ಲಿಂದ ಬರುತ್ತಿತ್ತು. ಅತ್ತೆ ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದಳು.

"ಮಳಿ ಬಿದ್ದು ನಿಂತ ಮ್ಯಾಲ ಹೊಲ ಹದಕ್ಕ ಬರತೈತಿ. ಹದ ಆರೂದ್ರೊಳಗ ಬಿತ್ತಬೇಕು. ಹೆಣ್ಣಿಂದೂ ಹಂಗ. ತಲಿಗೆ ನೀರು ಹಾಕ್ಕೊಂಡ ಮ್ಯಾಲ ನಾಕು ದಿನ. ಆಮ್ಯಾಲ ಬಿತ್ತಿದ್ದು ಹಕ್ಕಿ ಪಾಲು. ಇನ್ನ ನಡು ತಿಂಗಳದಾಗ ಬಿಳಿ ಹೋಗತೈತಲ್ಲ, ಅದು ಮೈಯಾಗಿನ ಉಷ್ಣ. ಆವಾಗ ಗಂಡನ್ನ ಮಗ್ಗಲಕ್ಕ ಬಿಟ್ಟುಕೊಂಡ್ರ ಇಬ್ಬರಿಗೂ ನಿಶಕ್ತಿ. ಮೆಂತೆ ನೆನಸಿದ ನೀರು ಕುಡದು ದೂರ ಇರಬೇಕು."

ಒಕ್ಕಲುತನದವರ ಮಗಳಾದ ನನಗೆ ಇದರಲ್ಲಿ ಒಂದಕ್ಷರವೂ ತಪ್ಪು ಕಾಣಲಿಲ್ಲ. ಆಗಲೇ ಎರಡು ಮಕ್ಕಳ ತಾಯಾಗಿ ಇನ್ನು ಸಾಕೆನ್ನುತ್ತಿದ್ದ ಶಕೀಲಕ್ಕನೂ ತಲೆಯಾಡಿಸಿದಳು. ನಾನು ಆ ನಾಲ್ಕು ದಿನ ಹಿಡಿದುಕೊಂಡೆ. ಅವಳು ಆ ನಾಲ್ಕು ದಿನ ಬಿಟ್ಟಳು.

ನಾಲ್ಕು ವರ್ಷವಾಯಿತು. ನನಗೆ ಮಕ್ಕಳಾಗಲಿಲ್ಲ. ಊರಿಗೆ ಹೋದರೆ ಜನ ಮೊದಲು ನನ್ನ ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಸಾಲದ್ದಕ್ಕೆ ಆ ವರ್ಷ ಇನ್ನೊಂದು ಸುದ್ದಿ ಬಂತು. ಈ ಕಟ್ಟಡ ಮುಗಿದ ಕೂಡಲೇ ಮುನಿಶಾಮಿಯ ಗ್ಯಾಂಗು ಹೈದರಾಬಾದಿಗೆ ಹೊರಡುತ್ತದಂತೆ, ಎರಡು ವರ್ಷದ ಕೆಲಸವಂತೆ, ಹೆಂಗಸರನ್ನು ಕರೆದೊಯ್ಯುವಂತಿಲ್ಲವಂತೆ. ನನ್ನ ಕೈಯಲ್ಲಿ ಉಳಿದದ್ದು ಮಳೆಗಾಲ ಮುಗಿಯುವವರೆಗಿನ ತಿಂಗಳುಗಳು ಮಾತ್ರ. ಅಷ್ಟರೊಳಗೆ ಆಗದಿದ್ದರೆ ಇನ್ನೆರಡು ವರ್ಷ ಜನರ ಬಾಯಿಗೆ ನಾನು ಎಲೆ ಅಡಿಕೆ.

ಹೀಗಿರುವಾಗ ಒಂದು ಬೆಳಗ್ಗೆ ಶಕೀಲಕ್ಕ ನಲ್ಲಿಯ ಹತ್ತಿರ ಮೋರಿಗೆ ಬಗ್ಗಿ ವಾಂತಿ ಮಾಡುತ್ತಿದ್ದುದನ್ನು ಕಂಡೆ. ಮೂರಾಗಿದ್ದವು, ಇದು ನಾಲ್ಕನೆಯದು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ ಹಂಚಿದ ದೇವರ ಮೇಲೆ ನನಗೆ ಬಂದ ಸಿಟ್ಟೆಲ್ಲ ಶಕೀಲಕ್ಕನ ಮೇಲೆ ತಿರುಗಿತು. ಕೊಡ ತುಂಬುವ ಮೊದಲೇ ಎತ್ತಿಕೊಂಡು ಒಳಗೆ ಬಂದುಬಿಟ್ಟೆ. ಅವಳ ಹತ್ತಿರ ಮಾತು ಬಿಟ್ಟೆ.

ಎಷ್ಟು ದಿನ ಬಿಡಲಾದೀತು? ನಡುವೆ ಇದ್ದದ್ದು ಒಂದು ಇಟ್ಟಿಗೆಯ ಗೋಡೆ. ಒಂದು ಮಧ್ಯಾಹ್ನ ಸೀರೆಗಳ ಗಂಟು ಹಿಡಿದು ಅವಳೇ ಬಂದು ನನ್ನ ಹೊಸ್ತಿಲಲ್ಲಿ ಕೂತಳು. ಕೂತವಳು ಅಳತೊಡಗಿದಳು.

"ನಿಂಗೆ ನನ್ಮೇಲೆ ಕೋಪ ಅಂತ ಗೊತ್ತು ಕಾವೇರಿ. ನಾನೇನು ಬೇಕು ಅಂತ ಮಾಡ್ಕೊಂಡ್ನಾ? ಮೂರನೇದ್ರಲ್ಲೇ ರಕ್ತ ಹೋಗಿ ಸಾಯೋ ಹಾಗಾಗಿತ್ತು. ಖುದಾ ಕಸಂ, ನಿಮ್ಮತ್ತೆ ಹೇಳಿದ್ರಲ್ಲ ಆ ನಾಲ್ಕು ದಿನ, ಒಂದ್ ತಿಂಗ್ಳೂ ತಪ್ಪಿಸ್ದೆ ಇವ್ರನ್ನ ದೂರ ಇಟ್ಟಿದ್ದೆ. ಬೈಯ್ತಿದ್ರು, ಆದ್ರೂ ಇಟ್ಟಿದ್ದೆ."

ನನ್ನ ಕೈಯ ಸೂಜಿ ನಿಂತಿತು. "ಬೇರೆ ದಿನ?"

"ಬೇರೆ ದಿನ ಭಯ ಇಲ್ವಲ್ಲ, ಹದ ಆರಿರುತ್ತಲ್ಲ?"

"ಶಕೀಲಕ್ಕ, ಆ ನಾಲ್ಕು ದಿನ ಬಿಟ್ರೆ ನಾನು ಗಂಡನ ಮುಖಾನೇ ನೋಡಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳಿಗೆ ನಗು ಬಂತು, ಕಣ್ಣೀರು ಒರೆಸದೆ ನಕ್ಕಳು. ನನಗೂ ಬಂತು. ಬಿತ್ತಿದ ನನ್ನ ಹೊಲ ಬರಡು, ಬಿತ್ತದೆ ಬೇಲಿ ಹಾಕಿಕೊಂಡ ಅವಳ ಹೊಲದಲ್ಲಿ ವರ್ಷ ಬಿಟ್ಟು ವರ್ಷ ಬೆಳೆ! ನಗು ನಿಂತ ಮೇಲೆ ನನಗೆ ಹೆದರಿಕೆಯಾಯಿತು. ನಾಲ್ಕು ವರ್ಷ ಏನು ಮಾಡಿಕೊಂಡೆನಪ್ಪಾ ಎನಿಸಿತು.

ಆ ವಾರವೇ ಶಕೀಲಕ್ಕನನ್ನು ತೋರಿಸಲು ಪುಲಿಕೇಶಿನಗರದ ಡಾಕ್ಟರ್ ತಾಹೇರಾ ಅವರ ಹತ್ತಿರ ಹೋಗುವುದಿತ್ತು. ನಾನೂ ಜೊತೆಗೆ ಹೋದೆ. ತಲೆ ನರೆತ, ಸೊಂಟ ನೋವಿನ, ಬೇಗ ಸಿಡುಕುವ ಹೆಂಗಸು ಅವರು. ನಮ್ಮ ನಾಲ್ಕು ದಿನದ ಕಥೆ ಕೇಳಿ ಸ್ಟೆತಸ್ಕೋಪು ಮೇಜಿನ ಮೇಲೆ ಇಟ್ಟರು.

"ಸರಿಹೋಯ್ತು! ಹೊಲ ಹದ ಅಂತೀರಲ್ಲ, ಹೆಂಗಸಿನ ಬೀಜ ಆಗಿನ್ನೂ ಹೊರಗೇ ಬಂದಿರಲ್ವಲ್ಲಮ್ಮ."

"ಹೆಂಗಸಿಗೂ ಬೀಜ ಇರತೈತ್ರಿ?" ನಾನು ಕೇಳಿದೆ. ಗಾಬರಿಯಾದರೆ ನನ್ನ ಬಾಯಲ್ಲಿ ಊರ ಮಾತೇ ಬರುತ್ತದೆ.

"ಇಲ್ದೆ ಏನು? ನೀವೇನು ಬರೀ ಮಣ್ಣು ಅಂದ್ಕೊಂಡ್ರಾ? ತಿಂಗಳಿಗೊಂದು ಬರುತ್ತೆ. ಬಂದ್ರೆ ಒಂದು ದಿನ ಬಾಳಿದ್ರೆ ಹೆಚ್ಚು. ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ ಬರೋದು. ಎಲ್ಲರಿಗೂ ಒಂದೇ ಲೆಕ್ಕ ಅಲ್ಲ, ನಿಮ್ಗೆ ಮುಟ್ಟು ತಡವಾಗಿ ಬರುತ್ತೆ ಅಂತೀರಿ, ಅಂದ್ರೆ ಬೀಜಾನೂ ತಡ. ಗಂಡಸಿಂದು ಒಳಗಡೆ ಮೂರು ದಿನ, ಕೆಲವು ಸಲ ಐದು ದಿನಾನೂ ಬದುಕಿರುತ್ತೆ. ಅದಕ್ಕೇ ಬೀಜ ಬರೋಕೆ ಮುಂಚಿನ ದಿನಗಳಲ್ಲೇ ಸೇರಿರ್ಬೇಕು."

"ಬರೋದು ನಮಗ ಹೆಂಗ ಗೊತ್ತಾಗಬೇಕ್ರಿ?"

"ನಡುವೆ ಒಂದಷ್ಟು ದಿನ ಬಿಳಿ ಹೋಗುತ್ತಲ್ಲ? ಕೋಳಿಮೊಟ್ಟೆ ಒಳಗಿನ ಲೋಳೆ ಥರ, ಜಾರೋದು, ಎಳೆದ್ರೆ ದಾರದ ಹಾಗೆ ಬರೋದು? ನವೆ, ವಾಸನೆ ಇದ್ರೆ ಕಾಯಿಲೆ, ತೋರಿಸ್ಬೇಕು. ಅದೇನೂ ಇಲ್ದಿದ್ರೆ ಅದು ಕಾಯಿಲೆ ಅಲ್ಲ. ಅದೇ ಗುರುತು."

ನಾನು ಮೆಂತ್ಯದ ನೀರು ಕುಡಿದು ದೂರ ಮಲಗುತ್ತಿದ್ದ ದಿನಗಳು ಅವು. ತಿಂಗಳು ತಿಂಗಳೂ ನನ್ನ ಮೈ ಈಗ ಬಾ, ಈಗ ಬಾ ಎಂದು ಹೇಳುತ್ತಿತ್ತು, ನಾನು ಅದರ ಬಾಯಿಗೆ ಮೆಂತ್ಯದ ನೀರು ಸುರಿದು ಸುಮ್ಮನಾಗಿಸುತ್ತಿದ್ದೆ. ನನಗೆ ಅಲ್ಲೇ ಅಳು ಬಂತು.

ಡಾಕ್ಟರು ಶಕೀಲಕ್ಕನ ಕಡೆ ತಿರುಗಿದರು. "ಬೇಡ ಅನ್ನೋರು ದಿನ ಎಣಿಸ್ಕೊಂಡು ನಂಬಿ ಕೂರಬಾರ್ದು. ಲೆಕ್ಕ ತಪ್ಪುತ್ತೆ. ಈ ಹೆರಿಗೆ ಆಗ್ಲಿ, ಕಾಪರ್ ಟಿ ಹಾಕೋಣ, ಇಲ್ಲ ಆಪರೇಷನ್. ಶೌಕತ್‌ನ ಕರ್ಕೊಂಡ್ ಬಾ, ನಾನು ಮಾತಾಡ್ತೀನಿ." ಆಮೇಲೆ ನನಗೆ, "ಕೆಲವು ತಿಂಗಳು ನೋಡಿ. ಆಗ್ಲಿಲ್ಲ ಅಂದ್ರೆ ಟೆಸ್ಟ್ ಮಾಡ್ಬೇಕು. ಇಬ್ರೂ ಬರ್ಬೇಕು. ನೀವೊಬ್ರೇ ಬಂದ್ರೆ ಬಾಗಿಲಿಂದಾನೇ ವಾಪಸ್ ಕಳಿಸ್ತೀನಿ."

ಬಸ್ಸಿನಲ್ಲಿ ನಿಂತೇ ಮನೆಗೆ ಬಂದೆ. ಹಳೇ ಮದ್ರಾಸು ರಸ್ತೆಯ ನೂಕುನುಗ್ಗಲಿನಲ್ಲಿ ಯಾರೋ ಕಾಲು ತುಳಿದರೂ ಸಿಟ್ಟು ಬರಲಿಲ್ಲ. ನನ್ನದೂ ಒಂದು ಬೀಜವಿದೆ ಎನ್ನುವುದನ್ನೇ ನೆನೆಸಿಕೊಂಡು ಬಂದೆ. ಇಪ್ಪತ್ತಮೂರು ವರ್ಷ ನಾನು ನನ್ನನ್ನು ಮಣ್ಣು ಎಂದೇ ತಿಳಿದಿದ್ದೆ.

ಡಾಕ್ಟರಿಗೆ ಅರ್ಥವಾದದ್ದು, ನನಗೆ ಅರ್ಥವಾದದ್ದು, ಹುಲಿಗೆಪ್ಪನಿಗೆ ಅರ್ಥವಾಗಬೇಕಲ್ಲ. ಮುಂದಿನ ಸಲ ನಾನು ಫೋನು ಮಾಡದಿದ್ದರೂ ಅವರೇ ಅಂದಾಜು ಮಾಡಿ ರಜೆ ಹಾಕಿ ಬಂದರು. ಈ ರಜೆ ಬೇಡ, ವಾಪಸ್ ಹೋಗಿ, ಮುಂದೆ ನಾನು ಹೇಳಿದಾಗ ಬನ್ನಿ ಎಂದೆ. ಕಾರಣವನ್ನೂ ಹೇಳಿದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಬಿಳಿ ಹೋಗೂ ದಿನ ಬಾ ಅಂತೀ? ಅವ್ವಗ ಗೊತ್ತಾದ್ರ ಏನಂದಾಳು?"

"ನಿಮ್ಮವ್ವ ನಮ್ಮಿಬ್ಬರ ನಡುವ ಮಲಗ್ಯಾಳೇನ್ರಿ?"

"ನೋಡು, ಅವ್ವಗ ಬೈಬ್ಯಾಡ. ಆಕಿ ಹೇಳೂ ನಾಕು ದಿನದ ಲೆಕ್ಕದಾಗ ನಾ ಹುಟ್ಟೀನಿ. ಆಕಿ ಹೂಂ ಅನ್ನೂತನಕ ನಾ ಒಲ್ಲೆ."

ಗಂಡ ಒಳ್ಳೆಯವರು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಅವ್ವ ಹಾಕಿದ ಗೆರೆ ಮಾತ್ರ ದಾಟುವುದಿಲ್ಲ. ನಾಲ್ಕು ದಿನವೂ ಮುಖ ಊದಿಸಿಕೊಂಡಿದ್ದು ಸೈಟಿಗೆ ಹೋದರು, ಹೋಗುವಾಗ ಊರಿಗೆ ಫೋನು ಮಾಡಿ ಸೊಸೆಗೆ ತಲೆ ಕೆಟ್ಟಿದೆ ಎಂದೂ ಹೇಳಿಹೋದರು. ವಾರದೊಳಗೆ ಅತ್ತೆ ಜೋಳದ ರೊಟ್ಟಿಯ ಗಂಟು ಹೊತ್ತು ವಠಾರದ ಬಾಗಿಲಲ್ಲಿ ನಿಂತಿದ್ದಳು.

ಕಾಲು ತೊಳೆಯುವ ಮೊದಲೇ ಶುರುಮಾಡಿದಳು. "ಯಾವಾಕಿ ಆ ಡಾಕ್ಟರು? ನಮ್ಮವ್ವ, ನಮ್ಮವ್ವನ ಅವ್ವ, ಎಲ್ಲಾರೂ ಹೇಳಿದ್ದು ಸುಳ್ಳಾತೇನು? ನಾ ಮಗನ್ನ ಹಡದಿಲ್ಲೇನು?" ಅವಳ ದನಿ ರೈಲಿನ ಸದ್ದನ್ನೂ ಮೀರಿತ್ತು. ಅತ್ತೆಯ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ, ತಲೆ ತಗ್ಗಿಸಿ ನಿಂತೆ. ಗದ್ದಲ ಕೇಳಿ ಶಕೀಲಕ್ಕ ಬಂದಳು. ಹೊಟ್ಟೆ ಆಗಲೇ ಕಾಣುತ್ತಿತ್ತು.

"ಅಮ್ಮಾ, ಕಾವೇರಿಗೆ ಬೈಬೇಡಿ. ನೀವು ಹೇಳಿದ ನಾಲ್ಕು ದಿನ ಬಿಟ್ಟಿದ್ದಕ್ಕೇ ನಂಗೆ ಇದು ಬಂದಿದ್ದು."

"ನೀ ಬಿಟ್ಟಿದ್ದಿ?"

"ಬಿಟ್ಟಿದ್ದೆ. ಮೂರನೇದೂ ಹಾಗೇ ಆಗಿದ್ದು."

ಅತ್ತೆ ಅವಳ ಹೊಟ್ಟೆಯನ್ನೇ ನೋಡಿದಳು. ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳು ಎಂದಳು. ಶಕೀಲಕ್ಕ ಹೇಳಿದಳು, ಲೋಳೆಯ ಗುರುತನ್ನೂ ನಾಚಿಕೆ ಬಿಟ್ಟು ಹೇಳಿದಳು. ಅತ್ತೆ ಹಸಿವಿಲ್ಲವೆಂದು ರೊಟ್ಟಿ ಮುಟ್ಟಲಿಲ್ಲ. ಸಂಜೆಯವರೆಗೆ ಹೊಸ್ತಿಲಲ್ಲಿ ಕೂತಿದ್ದಳು. ನನ್ನ ಮೇಲಿನ ಸಿಟ್ಟು ಎಂದುಕೊಂಡು ನಾನು ಹೆದರಿಕೊಂಡಿದ್ದೆ.

ಎರಡು ದಿನದ ಮೇಲೆ ಬೆಳಗ್ಗೆ ಬಚ್ಚಲಿನಿಂದ ಬಂದವಳನ್ನು ತಡೆದು ನೇರವಾಗಿ ಕೇಳಿದಳು, "ಗುರುತು ಬಂತೇನು?"

ನಾನು ತಲೆಯಾಡಿಸಿದೆ.

"ಸೀರಿ ಉಟ್ಕೋ. ನಡಿ ದೊಡ್ಡನೆಕ್ಕುಂದಿಗೆ."

ಸೈಟಿನಲ್ಲಿ ಅವತ್ತು ಸ್ಲಾಬು ಹಾಕುತ್ತಿದ್ದರು. ಮಿಕ್ಸರಿನ ಗಡಗಡ, ಬಾಂಡ್ಲಿ ಹೊತ್ತ ಹೆಂಗಸರ ಸಾಲು, ಎಲ್ಲರ ಮೈಮೇಲೂ ಸಿಮೆಂಟು. ಸ್ಲಾಬಿನ ದಿನ ಯಾರಿಗೂ ರಜೆ ಇಲ್ಲ, ಹೆತ್ತವರು ಸತ್ತರೂ ಇಲ್ಲ. ಅತ್ತೆ ಸೀದಾ ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ನಾ ಹುಲಿಗೆಪ್ಪನ ತಾಯಿ."

ಮುನಿಶಾಮಿ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ತಿಂಗ್ಳು ತಿಂಗ್ಳು ಹುಷಾರು ತಪ್ಪೋ ತಾಯಿ ನೀವೇನಾ?"

"ಹೌದಪಾ. ಇವತ್ತ ಭಾಳ ಹುಷಾರಿಲ್ಲ. ಮಗನ್ನ ಮನಿಗೆ ಕಳಸು."

ಆಳುಗಳು ಹೋ ಎಂದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೇಸ್ತ್ರಿ ಮಾತ್ರ ನಗಲಿಲ್ಲ. "ಕಾಂಕ್ರೀಟು ಕಲಸಾಗಿದೆ ಅಮ್ಮಾ, ನಿಲ್ಸೋಕಾಗಲ್ಲ. ಒಂದಾಳು ಕಮ್ಮಿ ಆದ್ರೂ ಕಷ್ಟ."

"ನಿಲ್ಲಸು ಅಂತ ಯಾರಂದ್ರು? ಮುಗೀಲಿ. ಬೇಕಂದ್ರ ನಾವಿಬ್ಬರೂ ಹೊರತೀವಿ, ಲಗೂ ಮುಗೀತೈತಿ." ಹೇಳಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಸಾಲಿನಲ್ಲಿ ನಿಂತಳು. ಅವಳ ಹಿಂದೆ ನಾನು ನಿಂತೆ. ಮೇಲೆ ಹಲಗೆಯ ಮೇಲೆ ನಿಂತಿದ್ದ ಅವಳ ಮಗ ಬಾಂಡ್ಲಿ ತೆಗೆದುಕೊಳ್ಳಲು ಬಗ್ಗಿದವರು ಹಾಗೇ ನಿಂತುಬಿಟ್ಟರು.

"ಯವ್ವಾ! ನೀ ಇಲ್ಯಾಕ?"

"ನಾ ಹೇಳಿದ್ದು ತಪ್ಪಲೇ ಹುಲಿಗ್ಯಾ. ನಿನ್ನ ಹೇಣ್ತಿ ಹೇಳಿದ್ದು ಖರೆ. ಬಾಂಡ್ಲಿ ತಗೋ, ಮುಗಿಸಿ ಮನಿಗೆ ನಡಿ."

ಇಷ್ಟು ಜನರ ಮುಂದೆ ತಾನು ತಪ್ಪಿದೆ ಎಂದು ಹೇಳಿದ ಅತ್ತೆಯನ್ನು ನಾನು ಮೊದಲ ಸಲ ನೋಡಿದ್ದು. ಬಿಸಿಲು ಇಳಿಯುವ ಹೊತ್ತಿಗೆ ಸ್ಲಾಬು ಮುಗಿಯಿತು. ಮುನಿಶಾಮಿ ಮೂರು ದಿನ ರಜೆ ಕೊಟ್ಟ, ಮುಂದಿನ ತಿಂಗಳದ್ದರಲ್ಲಿ ಕಳೆಯುತ್ತೇನೆ ಎಂದೂ ಹೇಳಿದ. ಮನೆಗೆ ಬಂದವಳೇ ಅತ್ತೆ ತನ್ನ ಕೌದಿ ಮಡಚಿ ಹಿಡಿದು, ಶಕೀಲಾಳ ಮಕ್ಕಳಿಗೆ ಕಥೆ ಹೇಳುವುದಿದೆ ಎಂದು ಪಕ್ಕದ ಕೋಣೆಗೆ ಹೋದಳು. ಮೂರು ದಿನ ಊಟಕ್ಕೂ ಈ ಕಡೆ ಬರಲಿಲ್ಲ.

ಆ ತಿಂಗಳು ಬಸಿರು ನಿಲ್ಲಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಬರೀ ದಿನ ಗೊತ್ತಾದರೆ ಆಯಿತೇ ಎಂದು ನಾನು ಕೈಚೆಲ್ಲಿದ್ದೆ. ಮೂರನೆಯ ತಿಂಗಳು ತಲೆಗೆ ನೀರು ಹಾಕಿಕೊಳ್ಳುವ ದಿನ ಬರಲೇ ಇಲ್ಲ. ಡಾಕ್ಟರ್ ತಾಹೇರಾ ಹೌದು ಎಂದ ದಿನ ನಮ್ಮವರು ಕ್ಲಿನಿಕ್ಕಿನ ಹೊರಗೆ ಮಸೀದಿ ರಸ್ತೆಯಲ್ಲಿ ನಿಂತು ಗಂಡಸು ಅನ್ನುವುದನ್ನೂ ಮರೆತು ಅತ್ತರು. ಆಮೇಲೆ ಗ್ಯಾಂಗಿನ ಜೊತೆ ಹೈದರಾಬಾದಿಗೆ ಹೋದರು.

ಏಳು ತಿಂಗಳಿಗೆ ಅತ್ತೆಯೇ ಬಂದು ನಿಂತು ವಠಾರದಲ್ಲಿ ನನಗೆ ಕುಬುಸ ಮಾಡಿದಳು. ಹಸಿರು ಸೀರೆ, ಹಸಿರು ಬಳೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಶಕೀಲಕ್ಕ ಬಂದಿದ್ದಳು. ವಠಾರದ ಯಜಮಾನ ದೊಡ್ಡಮುನಿಯಪ್ಪನವರ ಮನೆಗೆ ಹೊಸದಾಗಿ ಬಂದ ಸೊಸೆ ಪ್ರಿಯದರ್ಶಿನಿ ಬಂದಿದ್ದಳು. ನಮ್ಮ ಊರ ಕಡೆಯವಳಾದ ಒಬ್ಬ ಮುದುಕಿ ಹಾಡು ನಿಲ್ಲಿಸಿ, ಆ ಹುಡುಗಿಯನ್ನು ಮುಂದೆ ತಳ್ಳಿದಳು. "ಹೋಗವಾ, ಹುಸೇನವ್ವನ ಕಾಲು ಹಿಡಿ. ಹದದ ದಿನ ಯಾವು ಅಂತ ಆಕಿನ್ನ ಕೇಳು. ಆಕಿ ಮಾತು ಕೇಳಿದ್ದಕ್ಕ ಸೊಸಿಗೆ ಫಲ ಸಿಕ್ತು ನೋಡು."

ಅತ್ತೆ ನನ್ನ ಕೈಗೆ ಬಳೆ ಇಡುತ್ತಿದ್ದವಳು ನಿಲ್ಲಿಸಿದಳು.

"ನನ್ನ ಮಾತು ಕೇಳಿದ್ದಕ್ಕ ಸೊಸಿ ನಾಕು ವರ್ಷ ಕಳಕೊಂಡ್ಳು," ಎಂದಳು. "ನಾ ಒಂಬತ್ತು ವರ್ಷ ಕಳಕೊಂಡೆ. ನನ್ನ ಬಂಜಿ ಅಂತಿದ್ರು. ಕುಬುಸಕ್ಕ ಹೋದ್ರ ಆರತಿ ತಟ್ಟಿ ಮುಟ್ಟಗೊಡತಿರಲಿಲ್ಲ. ಗಂಡ ಹೊಸಪೇಟಿ ಕಡೆ ಗಣ್ಯಾಗ ದುಡೀತಿದ್ದ. ಹೇಳಿಕಳಿಸಿದ್ರ ಆ ನಾಕು ದಿನಕ್ಕ ನಡಕೊಂಡು ಬರತಿದ್ದ. ಒಂದು ವರ್ಷ ಕಲ್ಲು ಬಿದ್ದು ಕಾಲು ಮುರಕೊಂಡು ಮೂರು ತಿಂಗಳು ಮನ್ಯಾಗ ಇದ್ದ, ಆವಾಗ ಹುಲಿಗೆಪ್ಪ ಹೊಟ್ಟ್ಯಾಗ ನಿಂತ. ದೇವಿ ಹುಲಿಗೆವ್ವ ಕೊಟ್ಟಳು ಅಂತ ಆಕಿ ಹೆಸರ ಇಟ್ಟೆ. ಕೊಟ್ಟಳು ಖರೆ, ಕಾಲು ಮುರದು ಮನ್ಯಾಗ ಕುಂದರಿಸಿ ಕೊಟ್ಟಳು. ನನಗ ತಿಳೀಲಿಲ್ಲ. ಮತ್ತ ನಾಕು ದಿನ, ಮತ್ತ ಗಣಿ. ಇನ್ನೊಂದು ಆಗಲೇ ಇಲ್ಲ."

ಪ್ರಿಯದರ್ಶಿನಿ ಅವಳ ಕಾಲ ಬಳಿಯೇ ಕೂತುಬಿಟ್ಟಿದ್ದಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟಳು.

"ನಾಕು ದಿನ ಆದ ಮ್ಯಾಲ ಗಂಡ ಹೊರಡೂ ಮುಂದ ಪ್ರತಿ ಸಲ ಕೇಳತಿದ್ದವಾ, 'ಇನ್ನೊಂದು ವಾರ ಇರಲೇನ ಹುಸೇನಿ?' ಅಂತ. ನಾನ ಬ್ಯಾಡ ಅಂತಿದ್ದೆ. ಹದ ಆರೈತಿ, ಇದ್ದು ಏನ ಮಾಡ್ತಿ, ಹೋಗು ಅಂತ ಬುತ್ತಿ ಕಟ್ಟಿ ಕೈಯಾಗ ಕೊಡತಿದ್ದೆ. ಆತಗ ಇರೂ ಮನಸ್ಸಿತ್ತು. ಕಳಿಸಿದಾಕಿ ನಾನು."

ಶಕೀಲಕ್ಕ ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿ ಎದ್ದು ಹೋಗಿ ಅತ್ತೆಯ ಪಕ್ಕ ಕೂತಳು. ಮಾವ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವರಿಗಾಗಿ ಅತ್ತೆ ಅತ್ತದ್ದನ್ನು ನಾನು ಅವತ್ತೇ ನೋಡಿದ್ದು.